ಕ್ಲಚ್ ಪೆಡಲಿಲ್ಲದ ಮಾತ್ರಕ್ಕೆ

ಕ್ಲಚ್ ಪೆಡಲಿಲ್ಲದ ಪುಟ್ಟ ಕಾರುಗಳನ್ನೆಲ್ಲ ‘ಆಟೋಮ್ಯಾಟಿಕ್’ ಎಂದು ಒಂದೇ ಗುಂಪಿಗೆ ಸೇರಿಸುವುದು ನಮಗೆ ಸಮ್ಮತವಲ್ಲ. 2014ರಲ್ಲಿ ಬಂದ ಮಾರುತಿ ಸೆಲೆರಿಯೊದ ಎಎಂಟಿ ಮಾದರಿಯನ್ನು ನೋಡಿರಿ: ಒಳಗಿರುವುದು ಸಾಮಾನ್ಯ ಗೇರ್ ಪೆಟ್ಟಿಗೆ, ಸಾಮಾನ್ಯ ಕ್ಲಚ್ಚು, ಅವನ್ನು ಆಡಿಸುವ ಕೆಲಸ ಮಾತ್ರ ಚಾಲಕನಿಂದ ಎಣ್ಣೆಯ ಒತ್ತಡದ ಸಾಧನಕ್ಕೆ ಹೋಗಿದೆ. ಗೇರು ಬದಲಾಗುವಾಗ ಕ್ಲಚ್ಚು ಬಿಡುವುದರಿಂದ ಚಕ್ರಗಳಿಗೆ ಬಲವು ಕ್ಷಣಕಾಲ ತಪ್ಪುತ್ತದೆ. ವೇಗೋತ್ಕರ್ಷ ಕುಗ್ಗಿ ಕುಳಿತವರ ತಲೆ ತುಸು ಮುಂದಕ್ಕೆ ವಾಲುತ್ತದೆ. (ನ್ಯೂಟನ್ನನ ನಿಯಮಕ್ಕೆ ಇದಕ್ಕಿಂತ ಸುಲಭದ ಪ್ರಯೋಗ ಬೇಕೆ?) ರಾಟೆ–ಪಟ್ಟಿಗಳ ಸಿವಿಟಿಯಲ್ಲಿ ಗೇರಿನ ಮೆಟ್ಟಿಲುಗಳೇ ಇಲ್ಲವಾದ್ದರಿಂದ ಈ ತೂಗಾಟವೂ ಇಲ್ಲ.

ಇನ್ನೊಂದು ಭೇದವು ಹೆಚ್ಚು ಗಂಭೀರವಾದುದು. ಸಿವಿಟಿಯಲ್ಲಿ ದಂಡವನ್ನು ‘ಪಿ’ ಸ್ಥಾನಕ್ಕೆ ಸರಿಸಿದರೆ ಗೇರ್ ಪೆಟ್ಟಿಗೆ ಬಂಧಿತವಾಗುತ್ತದೆ. ಸೆಲೆರಿಯೊದಲ್ಲಿ ಆ ಸ್ಥಾನವೇ ಇಲ್ಲ. ದಂಡವನ್ನು ‘ಎನ್’ನಲ್ಲಿಟ್ಟು, ಕೈಬ್ರೇಕು ಹಾಕದೆ ಇಳಿಜಾರಿನಲ್ಲಿ ಬಿಟ್ಟುಹೋದರೆ ಕಾರು ತಾನಾಗಿಯೇ ಉರುಳೀತು.