ಪಟ್ಟಿ ಪೂರ್ತಿ ಬರೆಯಿರಿ: ಗಡಿ ತಾಲ್ಲೂಕುಗಳ ಲಿನಕ್ಸ್ ಬಳಕೆದಾರರ ಹಕ್ಕೊತ್ತಾಯ ಪತ್ರ

ಗೆ: ರಾಜ್ಯದ ಇ-ಆಡಳಿತ ಇಲಾಖೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಹಾಗೂ ಡೆಬಿಯನ್, ಉಬುಂಟುಗಳಿಗೆ ಕನ್ನಡ ತಂತ್ರಾಂಶ ಪ್ಯಾಕೇಜ್ ಮಾಡುವವರು

ಇಂದ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಶಿಕ್ಷಕರು, ಡಿಟಿಪಿ ಅಂಗಡಿಯವರು, ಕಂಪ್ಯೂಟರ್ ರಿಪೇರಿಯವರು

ಮಾನ್ಯರೇ,

ವಿಂಡೋಸ್ 10ಕ್ಕೆ ಇದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲಾಗದ ಯಂತ್ರಗಳನ್ನು ಗುಜರಿಗೆ ಕೊಡುವ ಬದಲು ಲಿನಕ್ಸ್ ಹಾಕುತ್ತಿದ್ದೇವೆ. ಅದು ಸಲೀಸಾಗಿ ಕೂರುತ್ತದೆ. ತೊಡಕು ಆಮೇಲಿನದು: ಕನ್ನಡದ ತಂತ್ರಾಂಶ ಹಾಕಲು ಹೋದರೆ ಅದಕ್ಕೆ ಬೇಕಾದ ಇನ್ನೊಂದು ಇಲ್ಲ, ಆ ಇನ್ನೊಂದಕ್ಕೆ ಬೇಕಾದ ಮತ್ತೊಂದು ಸಿಗುವುದಿಲ್ಲ. ಆದ್ದರಿಂದ ನಮ್ಮ ಒತ್ತಾಯಗಳು:

1. ಅವಲಂಬನೆಗಳ ಪಟ್ಟಿ ಪೂರ್ತಿಯಾಗಿರಬೇಕು. ಪ್ರೋಗ್ರಾಮಿಗೆ ನೇರವಾಗಿ ಕೂಡಿಕೊಂಡ ಲೈಬ್ರರಿಗಳನ್ನು ಡೆಬಿಯನ್ನಿನ ಸಾಧನವೇ ಹುಡುಕಿ ಪಟ್ಟಿಗೆ ಸೇರಿಸುತ್ತದೆ. ಫಾಂಟು, ನಿಘಂಟು, ಕೀಲಿಮಣೆ ವಿನ್ಯಾಸ, ಓಡುವಾಗ ತೆರೆದುಕೊಳ್ಳುವ ಪ್ಲಗಿನ್ ಅದಕ್ಕೆ ಕಾಣುವುದಿಲ್ಲ; ಅವನ್ನು ಪ್ಯಾಕೇಜ್ ಮಾಡುವವರೇ ಕೂತು ಬರೆಯಬೇಕು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಎಂ17ಎನ್ ಮೂಲಕ ಎಂದೋ ಬಂದಿದೆ. ಅದನ್ನು ಟೈಪಿಂಗ್ ವ್ಯವಸ್ಥೆಯಾದ ಐಬಸ್‌ಗೆ ಜೋಡಿಸುವ ಪ್ಯಾಕೇಜಿನ ಹೆಸರು ಪಟ್ಟಿಯಲ್ಲಿ ಬಿಟ್ಟುಹೋದರೆ ಮೇಷ್ಟ್ರು ಕನ್ನಡ ಒತ್ತಿದಾಗ ಇಂಗ್ಲಿಷ್ ಮೂಡುತ್ತದೆ, ಅಷ್ಟೇ. ಡೆವಲಪರ್‌ಗಳ ಯಂತ್ರದಲ್ಲಿ ಇವೆಲ್ಲ ಮೊದಲೇ ಇರುವುದರಿಂದ ಕೊರತೆ ಬೆಂಗಳೂರಿನಲ್ಲಿ ಗೊತ್ತಾಗದೆ ಕಾಗವಾಡದಲ್ಲಿ ಗೊತ್ತಾಗುತ್ತದೆ. ಬೇರೇನೂ ಹಾಕಿರದ ಹೊಸ ಡೆಬಿಯನ್‌ನಲ್ಲಿ ಹಾಕಿ ನೋಡದೆ ಯಾವುದನ್ನೂ ಬಿಡುಗಡೆ ಮಾಡಬೇಡಿ.

2. ಕನ್ನಡದ ಜೊತೆ ದೇವನಾಗರಿಯನ್ನೂ ಎಣಿಸಿರಿ. ನಿಪ್ಪಾಣಿಯಲ್ಲಿ ಒಂದೇ ಲಗ್ನಪತ್ರಿಕೆಯಲ್ಲಿ ಕನ್ನಡವೂ ಮರಾಠಿಯೂ ಇರುವುದುಂಟು. ಎರಡೂ ಲಿಪಿಯ ಫಾಂಟುಗಳಿಗೆ ಡೆಬಿಯನ್ನಿನಲ್ಲಿ ಒಂದೊಂದು ಒಟ್ಟು ಪ್ಯಾಕೇಜು ಇದೆ. ಅವೆರಡನ್ನೂ 'ರೆಕಮೆಂಡ್ಸ್' ಸಾಲಿನಲ್ಲಿ ಹಾಕಿ. ಪ್ಯಾಕೇಜು ಹಾಕುವ ಸಾಧನವಾದ ಎಪಿಟಿ ಅವನ್ನು ತಾನಾಗಿ ತರುತ್ತದೆ, ಬೇಡವಾದವರು ತೆಗೆಯಬಹುದು.

3. ಕನಿಷ್ಠ ಆವೃತ್ತಿ ಯಾವುದೆಂದು ಬರೆಯಿರಿ. ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್ 1.4ರಲ್ಲಿ ಒತ್ತಕ್ಷರಗಳು ಚೆದುರಿಹೋಗುತ್ತಿದ್ದವು, ಸರಿಯಾದದ್ದು 1.5ರ ಸರಣಿಯಲ್ಲಿ, ಸ್ಥಿರ ಆವೃತ್ತಿ 1.6 ಬಂದದ್ದು 2024ರಲ್ಲಿ. ಹಳೆಯದರ ಮೇಲೆ ಕನ್ನಡ ಟೆಂಪ್ಲೇಟ್ ಹಾಕಿಸಿ ನಮ್ಮ ಗಿರಾಕಿಗಳ ಮುಂದೆ ನಮ್ಮ ಮಾನ ಕಳೆಯಬೇಡಿ. ಹಾಗೆಂದು 'ಇದೇ ಆವೃತ್ತಿಯೇ ಆಗಬೇಕು' ಎಂದು ಕಟ್ಟಿಹಾಕುವುದೂ ಬೇಡ. ಮುಂದಿನ ಅಪ್‌ಡೇಟಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆ.

4. 'ಎಲ್ಲವನ್ನೂ ಒಂದೇ ಗಂಟು ಕಟ್ಟಿ ಆ್ಯಪ್‌ಇಮೇಜ್ ಕೊಡುತ್ತೇವೆ' ಎನ್ನುವುದನ್ನು ನಾವು ಪರಿಹಾರವೆಂದು ಒಪ್ಪುವುದಿಲ್ಲ. ಗಂಟಿನೊಳಗಿನ ಕ್ಯೂಟಿ ಲೈಬ್ರರಿಗೆ ಟೈಪಿಂಗ್‌ಗೆ ಬೇಕಾದ, ವ್ಯವಸ್ಥೆಯ ಎಫ್‌ಸಿಐಟಿಎಕ್ಸ್ ಪ್ಲಗಿನ್ ಸಾಮಾನ್ಯವಾಗಿ ಹೊಂದುವುದಿಲ್ಲ. ತಂತ್ರಾಂಶ ತೆರೆಯುತ್ತದೆ, ಕನ್ನಡ ಬರೆಯಲು ಬರುವುದಿಲ್ಲ. ವ್ಯವಸ್ಥೆಗೆ ಬರುವ ಭದ್ರತಾ ತಿದ್ದುಪಡಿಗಳೂ ಆ ಗಂಟನ್ನು ಮುಟ್ಟುವುದಿಲ್ಲ.

5. ನೆಟ್ ಸಿಗದ ಶಾಲೆಗೂ ದಾರಿ ಇರಲಿ. ಪ್ರತಿ ಬಿಡುಗಡೆಯ ಜೊತೆ, ಎಲ್ಲ ಅವಲಂಬನೆಗಳೂ ಇರುವ ಭಂಡಾರವೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ಯುವಂತೆ ಸಹಿಸಮೇತ ಸಿದ್ಧಪಡಿಸಿ. ಡೆಬಿಯನ್ 12, 13 ಮತ್ತು ಉಬುಂಟುವಿನ ಎಲ್‌ಟಿಎಸ್ ಆವೃತ್ತಿಗಳಿಗೆ ಬೇರೆ ಬೇರೆಯಾಗಿಯೇ ಕೊಡಿ. ಬಿಡಿ ಡೆಬ್ ಫೈಲು ಕೊಡುವವರು ಅದನ್ನು ಎಪಿಟಿಯಿಂದಲೇ ಹಾಕಲು ಸೂಚನೆಯಲ್ಲಿ ತಿಳಿಸಿ. ನೇರವಾಗಿ ಡಿಪಿಕೆಜಿ ಬಳಸಿದರೆ ಅದು ಕೊರತೆಯನ್ನು ಹೇಳುತ್ತದೆಯೇ ಹೊರತು ತುಂಬುವುದಿಲ್ಲ.

6. ಸರ್ಕಾರದ ದುಡ್ಡಿನಲ್ಲಿ ಆದ ಕನ್ನಡ ತಂತ್ರಾಂಶಗಳ ಮೂಲ ಕೋಡನ್ನು ಮುಕ್ತ ಪರವಾನಗಿಯಲ್ಲಿ ಪ್ರಕಟಿಸಿ. ಕ್ಯೂಟಿ 4 ಡೆಬಿಯನ್ 11ರಲ್ಲೇ ಹೋಯಿತು, ಪೈಥಾನ್ 2 ಡೆಬಿಯನ್ 12ರಲ್ಲಿ ಇಲ್ಲ. ಅವನ್ನು ನೆಚ್ಚಿಕೊಂಡ ಹಳೆಯ ಕನ್ನಡ ಪಠ್ಯ ಪರಿವರ್ತಕಗಳ ಕೋಡ್ ಸಿಕ್ಕರೆ ತಿದ್ದಲು ನಮ್ಮ ಪಾಲಿಟೆಕ್ನಿಕ್ ಹುಡುಗರೇ ಸಾಕು. ಕೋಡ್ ಬೀರುವಿನಲ್ಲಿದ್ದರೆ ಯಾರೂ ಏನೂ ಮಾಡಲಾಗದು.

7. ಪ್ರತಿ ಪ್ಯಾಕೇಜಿಗೂ ಒಬ್ಬ ಉಸ್ತುವಾರಿ ಇರಬೇಕು. ದೋಷವನ್ನು ಕನ್ನಡದಲ್ಲಿ ಬರೆದು ಕಳಿಸಿದರೂ ಅವರು ಓದಿ ಉತ್ತರಿಸಬೇಕು.