ಅಣಕು ವಿಶ್ವಸಂಸ್ಥೆಯಲ್ಲಿ "ನಾನು" ಅನ್ನೋ ಹಾಗಿಲ್ಲವಂತೆ!

ಎಂಯುಎನ್ ಗೊತ್ತಲ್ವಾ? ಮಾಡೆಲ್ ಯುನೈಟೆಡ್ ನೇಷನ್ಸ್. ಕನ್ನಡದಲ್ಲಿ ಅಣಕು ವಿಶ್ವಸಂಸ್ಥೆ ಅನ್ನೋಣ. ನಮ್ಮ ಬೊಮ್ಮನಹಳ್ಳಿ, ಬಿಟಿಎಂ, ಜೆಪಿ ನಗರದ ಕಡೆಯ ದೊಡ್ಡ ಫೀಸಿನ ಶಾಲೆಗಳಲ್ಲಿ ಇದರದ್ದೇ ಭರಾಟೆ. ಹೈಸ್ಕೂಲು ಮಕ್ಕಳು ಕೋಟು, ಟೈ ಹಾಕ್ಕೊಂಡು, ಎದುರಿಗೆ ಒಂದು ದೇಶದ ಹೆಸರಿನ ಬೋರ್ಡು ಇಟ್ಕೊಂಡು ಎರಡು ಮೂರು ದಿನ ಜಗತ್ತಿನ ಸಮಸ್ಯೆಗಳನ್ನೆಲ್ಲ ಬಗೆಹರಿಸ್ತಾರೆ. ಒಂದು ಕೋಣೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಪಕ್ಕದ ಕೋಣೆಯಲ್ಲಿ ಮಾನವ ಹಕ್ಕುಗಳ ಮಂಡಳಿ. ಕೊನೆಗೆ ಒಂದು ನಿರ್ಣಯ ಪಾಸಾಗುತ್ತೆ, ಚೆನ್ನಾಗಿ ಮಾತಾಡಿದವರಿಗೆ "ಬೆಸ್ಟ್ ಡೆಲಿಗೇಟ್" ಪ್ರಶಸ್ತಿ, ಗ್ರೂಪ್ ಫೋಟೋ. ಮುಗೀತು.

ಇದರಲ್ಲಿ ಒಂದು ನಿಯಮ ಇದೆ, ಅದನ್ನ ಕೇಳಿದಾಗಿನಿಂದ ನನ್ನ ತಲೆ ಕೆಟ್ಟಿದೆ. ಈ ಸಭೆಗಳಲ್ಲಿ ಸಾಮಾನ್ಯವಾಗಿ "ನಾನು" ಅನ್ನೋ ಪದ ಬಳಸೋ ಹಾಗಿಲ್ಲ. "ನನಗೆ ಹೀಗನ್ನಿಸುತ್ತೆ" ಅಂದ್ರೆ ಅಧ್ಯಕ್ಷರು ತಡೀತಾರೆ. "ಬ್ರೆಜಿಲ್‌ನ ಪ್ರತಿನಿಧಿ ಹೀಗೆ ಭಾವಿಸುತ್ತಾರೆ" ಅಂತ ಹೇಳಬೇಕು. ಹದಿನೈದು ವರ್ಷದ ಹುಡುಗಿಗೆ ಮಾನವ ಹಕ್ಕಿನ ಪಾಠ ಹೇಳಿಕೊಡುವಾಗ ಮೊದಲು ಮಾಡೋ ಕೆಲಸ ಅವಳ ಬಾಯಿಂದ "ನಾನು" ಅನ್ನೋದನ್ನ ಕಿತ್ತುಕೊಳ್ಳೋದು!

ನೀವು ಹೇಳೋದು ಗೊತ್ತು. "ಸುಮ್ನಿರಪ್ಪಾ, ಮಕ್ಕಳು ಏನೋ ಕಲೀತಾರೆ, ಮೊಬೈಲ್ ಹಿಡ್ಕೊಂಡು ಕೂರೋದಕ್ಕಿಂತ ವಾಸಿ." ಒಪ್ಪಿದೆ. ನಾಲ್ಕು ಜನರ ಎದುರು ನಿಂತು ಮಾತಾಡೋ ಧೈರ್ಯ ಬರುತ್ತೆ, ಓದ್ತಾರೆ, ಎದುರಾಳಿಯ ವಾದ ಏನಿರಬಹುದು ಅಂತ ಯೋಚಿಸ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಅದನ್ನ ಚರ್ಚಾ ಸ್ಪರ್ಧೆ ಅಂತ ಕರೀರಿ, ನಾನೇ ಬಂದು ಚಪ್ಪಾಳೆ ಹೊಡೀತೀನಿ. ಆದರೆ ಪೋಸ್ಟರುಗಳಲ್ಲಿ ಹಾಗೆ ಬರೆದಿರಲ್ಲ. "ನಾಳಿನ ನಾಯಕರು", "ಜಗತ್ತನ್ನು ಬದಲಿಸುವವರು" ಅಂತ ಬರೆದಿರುತ್ತೆ. ಜಗಳ ಇರೋದು ಅಲ್ಲಿ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ "ಮಾಕ್" ಅಂತ ಒಂದಿದೆ. ನಿಜವಾದ ಸರ್ವರ್ ಜೊತೆ ಮಾತಾಡೋ ಬದಲು ಅದರ ಹಾಗೆ ನಟಿಸೋ ಒಂದು ತುಣುಕು ಕೋಡ್ ಬರೀತೀವಿ. ಅದು ನಾವು ಹೇಳಿಕೊಟ್ಟ ಉತ್ತರವನ್ನೇ ಕೊಡುತ್ತೆ, ಟೆಸ್ಟ್ ಪಾಸಾಗುತ್ತೆ. ಬೇಕಾದ್ದೇ ಅದು. ಆದರೆ ಮಾಕ್ ಪಾಸಾಯ್ತು ಅಂತ ಸಿಹಿ ಹಂಚಿ ಮನೆಗೆ ಹೋಗೋ ಟೀಮು ಎಲ್ಲಾದ್ರೂ ಇದೆಯಾ? :-)

ಈಗ ಸ್ವಲ್ಪ ಇತಿಹಾಸ. ವಿಶ್ವಸಂಸ್ಥೆಗೂ ಕನ್ನಡ ನಾಡಿಗೂ ಒಂದು ನೇರ ನಂಟಿದೆ, ಈ ಮಕ್ಕಳಿಗೆ ಅದನ್ನ ಯಾರೂ ಹೇಳಿದ ಹಾಗಿಲ್ಲ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊಟ್ಟಮೊದಲ ಅಧ್ಯಕ್ಷರು ಯಾರು ಗೊತ್ತಾ? ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. 1946ರಲ್ಲಿ. ಅದೇ ವರ್ಷ ಆ ಮಂಡಳಿಯೇ ಮಾನವ ಹಕ್ಕುಗಳ ಆಯೋಗವನ್ನ ಸ್ಥಾಪಿಸಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಅದು ಕರೆದ ಸಮ್ಮೇಳನದಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನಕ್ಕೆ ಸಹಿ ಬಿತ್ತು. ಅಂದ್ರೆ ಇವತ್ತಿನ ಮಕ್ಕಳು ಯಾವ ಎರಡು ಕೋಣೆಗಳಲ್ಲಿ ಕೂತು ಅಣಕು ಸಭೆ ಮಾಡ್ತಾರೋ, ಆ ಎರಡಕ್ಕೂ ಬೀಜ ಬಿದ್ದದ್ದು ಇವರು ಅಧ್ಯಕ್ಷರಾಗಿದ್ದ ವರ್ಷದಲ್ಲಿ.

ಅದೇ 1946ರಲ್ಲಿ ಅವರು ಇನ್ನೊಂದು ಹುದ್ದೆಗೂ ಬಂದರು. ಮೈಸೂರು ಸಂಸ್ಥಾನದ ದಿವಾನರು!

ಮರುವರ್ಷ ಏನಾಯ್ತು? 1947ರ ಆಗಸ್ಟ್ 15 ಬಂತು, ಹೋಯ್ತು. ಮೈಸೂರಲ್ಲಿ ಮಾತ್ರ ಜನರಿಂದ ಆರಿಸಿದ ಸರ್ಕಾರ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಶುರುವಾಯ್ತು. ವಿದ್ಯಾರ್ಥಿಗಳು ಶಾಲೆ ಕಾಲೇಜು ಬಿಟ್ಟು ಬೀದಿಗೆ ಬಂದರು. "ಆರ್ಕಾಟ್ ಬಾಯ್ಕಾಟ್" ಅಂತ ಕೂಗಿದರು. ಯಾವ ಆರ್ಕಾಟ್? ಇದೇ ಆರ್ಕಾಟ್. ಸೆಪ್ಟೆಂಬರ್ 13ರಂದು ಮೈಸೂರಿನಲ್ಲಿ ರಾಮಸ್ವಾಮಿ ಅನ್ನೋ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದ. ಮೈಸೂರಿನ ರಾಮಸ್ವಾಮಿ ವೃತ್ತ ಅಂತೀವಲ್ಲ, ಅದು ಆ ಹುಡುಗನ ಹೆಸರು, ದಿವಾನರದ್ದಲ್ಲ.

ಗುಂಡು ಹಾರಿಸಿದ್ದು ಮುದಲಿಯಾರರೇ ಅಂತ ನಾನು ಹೇಳ್ತಿಲ್ಲ. ಅವರು ಮಹಾ ಮೇಧಾವಿ, ಅದೂ ನಿಜ. ಆದರೆ ಸರ್ಕಾರ ಅವರದ್ದು. ದೇಶದೇಶಗಳ ಪ್ರತಿನಿಧಿಗಳ ಮಧ್ಯೆ ಹಕ್ಕಿನ ಸಭೆ ನಡೆಸಿದ ಜಾಣ್ಮೆ, ತನ್ನದೇ ಊರಿನ ಬೀದಿಯಲ್ಲಿ ನಿಂತ ಹುಡುಗರ ಮುಂದೆ ಏನೂ ಕೆಲಸ ಮಾಡಲಿಲ್ಲ. ಆ ಹುಡುಗರು ಕೇಳ್ತಿದ್ದದ್ದಾದರೂ ಏನು? ನಮ್ಮನ್ನಾಳುವವರನ್ನ ನಾವೇ ಆರಿಸಬೇಕು ಅಂತ. 1948ರ ಡಿಸೆಂಬರ್ 10ರಂದು ಹೊರಬಂದ ಮಾನವ ಹಕ್ಕುಗಳ ಘೋಷಣೆಯ 21ನೇ ವಿಧಿ ಇದೇ. ವಿಶ್ವಸಂಸ್ಥೆ ಅದನ್ನ ಬರೆಯೋದಕ್ಕೆ ಒಂದು ವರ್ಷ ಮೊದಲೇ ಮೈಸೂರಿನ ಹುಡುಗರು ಅದನ್ನ ಕೇಳಿ ಆಗಿತ್ತು, ಪಡೆದೂ ಆಗಿತ್ತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಸರ್ಕಾರ ಬಂತಲ್ಲ. ಅವರು ಯಾವ ದೇಶದ ಬೋರ್ಡನ್ನೂ ಎದುರಿಗೆ ಇಟ್ಕೊಂಡಿರಲಿಲ್ಲ. "ನಾವು" ಅಂತಲೇ ಕೂಗಿದರು.

"ಹಳೇ ಕಾಲದ ಮಾತು ಬಿಡಿ ಸಾರ್" ಅಂತೀರಾ? ಸರಿ, ಬೊಮ್ಮನಹಳ್ಳಿಗೇ ಬರೋಣ.

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟವರು ತಮ್ಮ ಪಾಲನ್ನ ಮಾತ್ರ ತೆಗೆಯಬಹುದು, ಮಾಲೀಕರು ಕಟ್ಟಿದ ಪಾಲಿಗೆ 58 ವರ್ಷ ತುಂಬುವವರೆಗೆ ಕಾಯಬೇಕು ಅಂತ. ನಮ್ಮಂಥ ಐಟಿಯವರಿಗೆ ಇದು ಪೇ ಸ್ಲಿಪ್ಪಿನ ಒಂದು ಸಾಲು. ಹೊಸೂರು ರಸ್ತೆಯ ಗಾರ್ಮೆಂಟ್ ಹೆಂಗಸರಿಗೆ ಹಾಗಲ್ಲ. ಆಗ ತಿಂಗಳಿಗೆ ಆರೇಳು ಸಾವಿರ ಸಂಬಳ, ಅದರಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸು. ಉಳಿತಾಯ ಅನ್ನೋದು ಏನಾದ್ರೂ ಇದ್ರೆ ಅದು ಪಿಎಫ್ ಮಾತ್ರ. ಸಾಲ ತೀರಿಸೋಕೆ, ಮಗಳ ಮದುವೆಗೆ ಕೆಲಸ ಬಿಟ್ಟು ಅದನ್ನ ತೆಗೆಯೋದು ಅವರಿಗೆ ಗೊತ್ತಿದ್ದ ಏಕೈಕ ದಾರಿ. 58ರವರೆಗೆ ಆ ಮಷಿನ್ ಮುಂದೆ ಯಾರು ಕೂತಿರ್ತಾರೆ?

ಏಪ್ರಿಲ್ 18ರಂದು ಬೊಮ್ಮನಹಳ್ಳಿಯಲ್ಲಿ ಸಾವಿರಾರು ಹೆಂಗಸರು ಫ್ಯಾಕ್ಟರಿಗಳಿಂದ ಎದ್ದು ಹೊಸೂರು ರಸ್ತೆಗೆ ಬಂದರು. ದೊಡ್ಡ ನಾಯಕರು ಕರೆ ಕೊಟ್ಟು ಬಂದದ್ದಲ್ಲ, ಬಾಯಿಂದ ಬಾಯಿಗೆ ಸುದ್ದಿ ಹೋಗಿ ಬಂದದ್ದು. ಬೆಂಗಳೂರು ನಿಂತುಹೋಯ್ತು. ಮರುದಿನ ಬೇರೆ ಕಡೆಗೂ ಹಬ್ಬಿತು, ಲಾಠಿ, ಅಶ್ರುವಾಯು, ಸುಟ್ಟ ಬಸ್ಸುಗಳು ಎಲ್ಲ ಆದವು. ಬೆಂಕಿ ಹಚ್ಚಿದ್ದನ್ನ ನಾನು ಸಮರ್ಥಿಸಲ್ಲ. ಆದರೆ 19ನೇ ತಾರೀಖಿನ ಸಂಜೆಯೊಳಗೆ ದೆಹಲಿಯಲ್ಲಿ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆ ನಿಯಮವನ್ನ ವಾಪಸ್ ತೆಗೆದುಕೊಂಡರು. ದೇಶದ ಕೋಟ್ಯಂತರ ಪಿಎಫ್‌ದಾರರಿಗೆ ಅದರ ಲಾಭ ಸಿಕ್ಕಿತು. ನನ್ನ ಹಾಗೆ ಎಸಿಯಲ್ಲಿ ಕೂರೋ ಎಂಜಿನಿಯರುಗಳಿಗೂ. ಅವತ್ತು ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡು ಅವರನ್ನ ಬೈದುಕೊಂಡವರಿಗೂ.

ಈಗ ಹೇಳಿ, ಈ ಏರಿಯಾದಲ್ಲಿ ಯಾವುದಾದರೂ ಅಣಕು ವಿಶ್ವಸಂಸ್ಥೆಯಲ್ಲಿ ಈ ಎರಡು ದಿನಗಳ ಬಗ್ಗೆ ಚರ್ಚೆ ಆಗಿದ್ದು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಬಾಂಗ್ಲಾದೇಶದ ಗಾರ್ಮೆಂಟ್ ಕಾರ್ಮಿಕರ ಬಗ್ಗೆ ಬೇಕಾದ್ರೆ ಮಾತಾಡ್ತಾರೆ, 2013ರ ರಾಣಾ ಪ್ಲಾಜಾ ದುರಂತದ ಬಗ್ಗೆ ನಿರರ್ಗಳವಾಗಿ ಹೇಳ್ತಾರೆ. ಹೇಳಲಿ, ಸಾವಿರಕ್ಕೂ ಹೆಚ್ಚು ಜನ ಸತ್ತ ವಿಷಯ ಅದು. ಆದರೆ ಗಾರ್ವೇಭಾವಿಪಾಳ್ಯದ ಬಸ್ ಸ್ಟಾಪಿನಲ್ಲಿ ಸಂಜೆ ಟಿಫಿನ್ ಡಬ್ಬಿ ಹಿಡಿದು ನಿಂತ ಹೆಂಗಸು ಯಾಕೆ ದಿನವಿಡೀ ಕಡಿಮೆ ನೀರು ಕುಡೀತಾಳೆ ಅಂತ ಕೇಳಿ ನೋಡಿ. ಟಾಯ್ಲೆಟ್ಟಿಗೆ ಎದ್ದು ಹೋದ್ರೆ ಗಂಟೆಯ ಟಾರ್ಗೆಟ್ ತಪ್ಪುತ್ತೆ, ಸೂಪರ್‌ವೈಸರ್ ಬೈಗುಳ ಕೇಳಬೇಕು. ನೀರು ಕಡಿಮೆ ಕುಡಿದ್ರೆ ಮೂತ್ರದ ಸೋಂಕು. ಆರೋಗ್ಯ, ಮಾನವ ಹಕ್ಕು ಎರಡೂ ಇದರಲ್ಲೇ ಇವೆಯಲ್ಲ! ಆ ಅಂಗಿ ಹೋಗೋದು ಅಮೆರಿಕಕ್ಕೆ, ಯುರೋಪಿಗೆ. ಇದಕ್ಕಿಂತ ಜಾಗತಿಕ ವಿಷಯ ಇನ್ನೇನು ಬೇಕು? ಸಂಘ ಕಟ್ಟುವ ಮತ್ತು ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 87 ಮತ್ತು 98ನೇ ಒಡಂಬಡಿಕೆಗಳಿವೆ, ಭಾರತ ಅವೆರಡಕ್ಕೂ ಇನ್ನೂ ಅನುಮೋದನೆ ಕೊಟ್ಟಿಲ್ಲ. ಯಾಕೆ ಅಂತ ಒಂದು ಮಗು ಎದ್ದು ಕೇಳಲಿ ನೋಡೋಣ.

ಇನ್ನು ವಿಶ್ವ ಆರೋಗ್ಯ ಸಂಸ್ಥೆಯ ಕೋಣೆ. ಅಲ್ಲಿ ಸಾಂಕ್ರಾಮಿಕ ರೋಗ ಅಂದ್ರೆ ನಕ್ಷೆಯ ಮೇಲಿನ ಬಣ್ಣ. 2020ರ ಏಪ್ರಿಲಿನಲ್ಲಿ ನಮ್ಮ ಪಕ್ಕದ ಹೊಂಗಸಂದ್ರದಲ್ಲಿ ಕೋವಿಡ್ ಹರಡಿದ್ದು ವಲಸೆ ಕಾರ್ಮಿಕರು ಒತ್ತೊತ್ತಾಗಿ ಬದುಕೋ ಕೋಣೆಗಳಲ್ಲಿ. "ಅಂತರ ಕಾಪಾಡಿ" ಅನ್ನೋ ಜಾಗತಿಕ ಸಲಹೆ ಆ ಕೋಣೆಯ ಬಾಗಿಲ ಹತ್ತಿರ ಬಂದು ನಿಂತುಬಿಟ್ಟಿತು. ಒಳಗೆ ಅಂತರಕ್ಕೆ ಜಾಗವೇ ಇರಲಿಲ್ಲ.

ನಿರ್ಣಯಗಳೆಲ್ಲ ದಂಡ ಅಂತ ನನ್ನ ವಾದ ಅಲ್ಲ. ಸಿಡುಬನ್ನೇ ನೋಡಿ. ಸೋವಿಯತ್ ಒಕ್ಕೂಟದ ಪ್ರಸ್ತಾಪದ ಮೇಲೆ 1959ರಲ್ಲಿ ವಿಶ್ವ ಆರೋಗ್ಯ ಸಭೆ ಸಿಡುಬನ್ನ ತೊಡೆದುಹಾಕೋ ನಿರ್ಣಯ ಒಪ್ಪಿತು. ಶೀತಲ ಸಮರದ ಮಧ್ಯೆ ಅಮೆರಿಕ ಮತ್ತು ರಷ್ಯಾ ಕೈ ಜೋಡಿಸಿದ್ದು ಸಣ್ಣ ಮಾತಲ್ಲ, ಅದು ರಾಜತಂತ್ರದ ಗೆಲುವೇ. ಆದರೆ ಎಂಟು ವರ್ಷ ಅದು ಕುಂಟಿತು. 1967ರಲ್ಲಿ ತೀವ್ರ ಕಾರ್ಯಕ್ರಮ ಶುರುವಾದ ಮೇಲೆ, ನಮ್ಮ ದೇಶದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆ ಬಾಗಿಲು ತಟ್ಟಿ ರೋಗಿಗಳನ್ನ ಹುಡುಕಿದ ಮೇಲೆ, 1975ರಲ್ಲಿ ಭಾರತದ ಕೊನೆಯ ಪ್ರಕರಣ ಕಂಡಿತು. 1980ರಲ್ಲಿ ಜಗತ್ತೇ ಮುಕ್ತ ಅಂತ ಘೋಷಣೆಯಾಯ್ತು. ನಿರ್ಣಯದಿಂದ ಫಲಕ್ಕೆ 21 ವರ್ಷ. ಅಣಕು ಸಭೆ ಮೊದಲನೇ ದಿನದಲ್ಲೇ ಮುಗಿದುಹೋಗುತ್ತೆ. ಬಾಗಿಲು ತಟ್ಟೋದು ಸಿಲಬಸ್ಸಿನಲ್ಲಿಲ್ಲ.

ಹಾಗಾದ್ರೆ ಏನು ಮಾಡಬೇಕು? ದೂರ ಹೋಗಬೇಕಿಲ್ಲ, ಕುಂದಾಪುರಕ್ಕೆ ಹೋದ್ರೆ ಸಾಕು. 1995ರಲ್ಲಿ ಕೆರಾಡಿಯಂಥ ಕೆಲವು ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಪಂಚಾಯಿತಿ ಶುರುವಾಯ್ತು. ದುಡಿಯುವ ಮಕ್ಕಳ ಸಂಘಟನೆ ಭೀಮ ಸಂಘ ಮತ್ತು "ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್" ಸಂಸ್ಥೆ ಇದರ ಹಿಂದೆ. ಮಕ್ಕಳೇ ಓಟು ಹಾಕಿ ತಮ್ಮ ಪ್ರತಿನಿಧಿಗಳನ್ನ ಆರಿಸಿದರು. ಶಾಲೆಗೆ ಹೋಗೋ ದಾರಿಯಲ್ಲಿ ಮಳೆಗಾಲದ ಹೊಳೆ ದಾಟೋಕೆ ಕಾಲುಸಂಕ ಬೇಕು ಅನ್ನೋಂಥ ವಿಷಯಗಳನ್ನ ದೊಡ್ಡವರ ಪಂಚಾಯಿತಿ ಮುಂದೆ, ಅಧಿಕಾರಿಗಳ ಮುಂದೆ ಇಟ್ಟರು. ಮುಂದೆ ಸರ್ಕಾರವೇ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಿ ಅಂತ ಆದೇಶಿಸಿತು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತೆ ಅಂತಲ್ಲ, ಎಷ್ಟೋ ಕಡೆ ಫೋಟೋಕ್ಕೆ ಮುಗಿಯುತ್ತೆ. ಆದ್ರೂ ಅಲ್ಲಿ ಒಂದು ಮಗು ಎದ್ದು ನಿಂತು "ನನ್ನ ಶಾಲೇಲಿ ಟಾಯ್ಲೆಟ್ಟಿಗೆ ನೀರಿಲ್ಲ" ಅಂದ್ರೆ, ಎದುರಿಗೆ ಕೂತವರು ಉತ್ತರ ಕೊಡಲೇಬೇಕು. ನನ್ನ ಪ್ರಕಾರ ಹಕ್ಕು ಅಂದ್ರೆ ಇಷ್ಟೇ. ಕೇಳೋಕೆ "ನಾನು" ಅನ್ನೋ ಒಬ್ಬರು ಬೇಕು, ಉತ್ತರ ಕೊಡಲೇಬೇಕಾದ ಇನ್ನೊಬ್ಬರು ಬೇಕು. ಅಣಕು ವಿಶ್ವಸಂಸ್ಥೆಯಲ್ಲಿ ಈ ಎರಡೂ ಇಲ್ಲ.

ಉತ್ತರ ಕೊಡೋರ ವಿಷಯಕ್ಕೆ ಬಂದ್ರೆ ದೊಡ್ಡವರ ಮರ್ಯಾದೆಯೂ ಹೋಗುತ್ತೆ. ಬೊಮ್ಮನಹಳ್ಳಿಗೆ ಒಂದು ಕಾಲದಲ್ಲಿ ತನ್ನದೇ ನಗರಸಭೆ ಇತ್ತು. 2007ರಲ್ಲಿ ಅದು ಬಿಬಿಎಂಪಿಗೆ ಸೇರಿತು. 2015ರಲ್ಲಿ ಬಿಬಿಎಂಪಿಯ ಕೊನೆಯ ಚುನಾವಣೆ, 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗೀತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬರುವವರೆಗೆ, ಪೂರ್ತಿ ಐದು ವರ್ಷ ಈ ಮಹಾನಗರದಲ್ಲಿ ಚುನಾಯಿತ ಕಾರ್ಪೊರೇಟರ್ ಒಬ್ಬರೂ ಇರಲಿಲ್ಲ. ಮೋರಿ ಕಟ್ಟಿದ್ರೆ ಯಾರನ್ನ ಕೇಳಬೇಕು ಅಂತ ಗೊತ್ತಿಲ್ಲದ ಊರಿನಲ್ಲಿ ಮಕ್ಕಳಿಗೆ ಭದ್ರತಾ ಮಂಡಳಿಯ ವೀಟೋ ಬಗ್ಗೆ ಪಾಠ ಆಗ್ತಿತ್ತು!

ಹಾಗಾಗಿ ಶಾಲೆಗಳಿಗೆ ನನ್ನ ಬೇಡಿಕೆ ಇಷ್ಟು. ಅಣಕು ಸಭೆ ಮಾಡಿ, ಬೇಡ ಅನ್ನಲ್ಲ. ಒಂದು ವರ್ಷ ವಿಷಯವನ್ನ ಹೊಸೂರು ರಸ್ತೆಯಿಂದ ಎತ್ತಿಕೊಳ್ಳಿ. ಒಬ್ಬರು ಗಾರ್ಮೆಂಟ್ ಕಾರ್ಮಿಕರಾಗಲಿ, ಒಬ್ಬರು ಫ್ಯಾಕ್ಟರಿ ಮಾಲೀಕರು, ಒಬ್ಬರು ಪಿಎಫ್ ಅಧಿಕಾರಿ, ಒಬ್ಬರು ಅಮೆರಿಕದ ಖರೀದಿದಾರ ಕಂಪನಿ. ಕನ್ನಡದಲ್ಲೂ ನಡೆಯಲಿ, ಸರ್ಕಾರಿ ಶಾಲೆಯ ಮಕ್ಕಳನ್ನೂ ಕರೀರಿ, ಅವರಿಂದ ಫೀಸು ತಗೋಬೇಡಿ. ಆ ಮಕ್ಕಳಲ್ಲಿ ಕೆಲವರ ಅಮ್ಮಂದಿರು ಅದೇ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋರೇ ಇರಬಹುದು. ಅವರು ನಟಿಸೋದು ಬೇಡ, "ನಾನು" ಅಂತಲೇ ಶುರು ಮಾಡಲಿ. ಕೊನೆಗೆ ಪಾಸಾದ ನಿರ್ಣಯವನ್ನ ನಿಜವಾದ ಕಾರ್ಮಿಕ ಇಲಾಖೆಗೆ, ನಿಜವಾದ ಪಾಲಿಕೆಗೆ ಮಕ್ಕಳ ಸಹಿ ಹಾಕಿ ಕಳಿಸಿ. ಮೂರು ತಿಂಗಳಲ್ಲಿ ಉತ್ತರ ಬರದಿದ್ರೆ ಮಕ್ಕಳೇ ಹೋಗಿ ಕೇಳಲಿ. ಬೆಸ್ಟ್ ಡೆಲಿಗೇಟ್ ಪ್ರಶಸ್ತಿ ಆಮೇಲೆ ಕೊಡಿ, ಉತ್ತರ ತಂದವರಿಗೆ.

ನಿಮ್ಮ ಕಡೆ ಶಾಲೆಗಳಲ್ಲಿ ಇಂಥದ್ದು ಯಾರಾದ್ರೂ ಆಗಲೇ ಮಾಡ್ತಿದ್ರೆ ತಿಳಿಸಿ ಮಾರಾಯ್ರೇ, ಖುಷಿಯಿಂದ ಬರೀತೀನಿ. ಯಾರೂ ಮಾಡ್ತಿಲ್ಲ ಅಂದ್ರೆ ಕನಿಷ್ಠ ಪೋಸ್ಟರಿನಿಂದ "ಜಗತ್ತನ್ನು ಬದಲಿಸುವವರು" ಅನ್ನೋದನ್ನಾದ್ರೂ ತೆಗೆಸೋಣ.