ಕಠಿಣ ಕಾದಂಬರಿಗೆ ಕೂಟದ ಓದು: ಉಳ್ಳಾಲದಲ್ಲಿ ಸಾಧ್ಯವೇ?

ಉಳ್ಳಾಲ: ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವೆನಿಸ್ ಎಂಬ ಕಡಲತೀರದ ಊರಿನಲ್ಲಿ 1995ರಲ್ಲಿ ಒಂದು ಓದುಕೂಟ ಆರಂಭವಾಯಿತು. ಜೇಮ್ಸ್ ಜಾಯ್ಸ್ ಬರೆದ 'ಫಿನ್ನೆಗನ್ಸ್ ವೇಕ್' (1939) ಎಂಬ ಒಂದೇ ಒಂದು ಕಾದಂಬರಿಯನ್ನು ಓದುವುದು ಅದರ ಗುರಿ. ಜೆರ್ರಿ ಫಿಯಾಲ್ಕಾ ಆರಂಭಿಸಿದ ಈ ಕೂಟ ತಿಂಗಳಿಗೊಮ್ಮೆ ಸೇರಿ ಮೊದಲಿಗೆ ಎರಡು ಪುಟ, ಅನಂತರ ಒಂದೇ ಪುಟದಂತೆ ಓದಿತು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪುಟ ತಲುಪುವಾಗ 28 ವರ್ಷಗಳು ಸಂದಿದ್ದವು. ಮರುತಿಂಗಳು ಕೂಟ ಮತ್ತೆ ಮೊದಲ ಪುಟಕ್ಕೆ ಮರಳಿತು.

ಈ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ಕೌತುಕದ ಸಂಗತಿಯಾಗಿ ಪ್ರಕಟವಾಯಿತು. ಆದರೆ ಅದರ ಹಿಂದಿರುವ ಪ್ರಶ್ನೆ ಕನ್ನಡಕ್ಕೂ ಸಂಬಂಧಿಸಿದೆ. ಒಬ್ಬನೇ ಕುಳಿತು ಓದಿದರೆ ದಕ್ಕದ ಕೃತಿಗಳನ್ನು ಒಂದು ಸಮಾಜ ಹೇಗೆ ಉಳಿಸಿಕೊಳ್ಳುತ್ತದೆ? ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಬಳಿಕ ಕನ್ನಡದ ಓದಿನ ಕುರಿತು ಉತ್ಸಾಹದ ಮಾತುಗಳು ಕೇಳಿಬಂದವು. ನವ್ಯ ಕಾಲಘಟ್ಟದ ಕಠಿಣ ಕಾದಂಬರಿಗಳಿಗೆ ಆ ಉತ್ಸಾಹದ ಪಾಲು ದೊರೆತಂತಿಲ್ಲ. ಅವುಗಳ ಓದುಗರು ಬಹುಮಟ್ಟಿಗೆ ಎಂ.ಎ. ತರಗತಿಯ ವಿದ್ಯಾರ್ಥಿಗಳು. ಪಠ್ಯಪಟ್ಟಿಯಿಂದ ಕೃತಿ ಹೊರಬಿದ್ದರೆ ಓದೂ ನಿಲ್ಲುತ್ತದೆ.

ಎರಡು ಕೃತಿ, ಎರಡು ಬಗೆಯ ಕಷ್ಟ

ಯಶವಂತ ಚಿತ್ತಾಲರ 'ಶಿಕಾರಿ' (1979) ಇದಕ್ಕೆ ಉತ್ತಮ ನಿದರ್ಶನ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯ ಕೈಗಾರಿಕಾ ಜಗತ್ತಿನಲ್ಲಿ ದುಡಿದ ಚಿತ್ತಾಲರು (1928-2014), ಕಂಪನಿಯೊಂದರ ಅಧಿಕಾರಿ ನಾಗಪ್ಪನ ಕಥೆಯನ್ನು ಇಲ್ಲಿ ಹೇಳುತ್ತಾರೆ. ತನ್ನ ಮೇಲಿನ ಆರೋಪವೇನೆಂಬುದೇ ಸ್ಪಷ್ಟವಾಗದೆ ಆತ ಕೆಲಸದಿಂದ ದೂರ ಇರಿಸಲ್ಪಡುತ್ತಾನೆ. ಬೇಟೆಗಾರ ಯಾರು, ಬೇಟೆ ಯಾರು ಎಂಬ ಸಂಶಯ ಅವನನ್ನು ಕಾಡುತ್ತದೆ. ಕಾಫ್ಕಾನ 'ದ ಟ್ರಯಲ್' ಕಾದಂಬರಿಯನ್ನು ನೆನಪಿಸುವ ಕೃತಿ ಇದು. ಇಲ್ಲಿನ ವಾಕ್ಯಗಳು ಕಠಿಣವಲ್ಲ. ಒಂದು ಮನಸ್ಸಿನ ಭಯ, ನೆನಪು ಹಾಗೂ ಊಹೆಗಳ ಸುಳಿಯಲ್ಲಿ ದಾರಿ ಕಂಡುಕೊಳ್ಳುವುದೇ ಕಷ್ಟ.

ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ಇನ್ನೊಂದು ಬಗೆಯದು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿ ಗಾತ್ರದಲ್ಲಿ ಕಿರಿದು. ಆದರೆ ನಂಜನಗೂಡು ಸೀಮೆಯ ಆಡುಮಾತಿನಲ್ಲಿರುವ ಇದು ಇತರ ಭಾಗದ ಓದುಗರಿಗೆ ಮೊದಲ ಪುಟದಲ್ಲೇ ತಡೆಯೊಡ್ಡುತ್ತದೆ. ವಿದ್ವಾಂಸ ಎಲ್. ಬಸವರಾಜು ಅವರು ಇದರ ಗದ್ಯವನ್ನು ಸಾಲುಸಾಲಾಗಿ ಒಡೆದು ಪದ್ಯರೂಪದಲ್ಲಿ ಜೋಡಿಸಿದ್ದರು. ಕಣ್ಣಿಗೆ ಒಗ್ಗದ್ದು ಕಿವಿಗೆ ಒಗ್ಗಬಹುದು ಎಂಬುದನ್ನು ಆ ಪ್ರಯತ್ನ ಸೂಚಿಸುತ್ತದೆ. ಗಟ್ಟಿಯಾಗಿ ಓದುವವರು ಒಬ್ಬರು, ಕೇಳುವವರು ನಾಲ್ವರು ಇದ್ದರೆ ಈ ಕೃತಿಯ ಅರ್ಧ ತೊಡಕು ಕರಗುತ್ತದೆ.

ಉಳ್ಳಾಲದ ಅನುಕೂಲ

ನೇತ್ರಾವತಿಯ ದಕ್ಷಿಣ ದಡದ ಉಳ್ಳಾಲ ಇಂತಹ ಓದಿಗೆ ಪ್ರಶಸ್ತ ಸ್ಥಳ ಎನ್ನಲು ಕಾರಣಗಳಿವೆ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯ ಇದೇ ತಾಲ್ಲೂಕಿನ ಕೊಣಾಜೆಯಲ್ಲಿದೆ. ಇಲ್ಲಿನ ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಕೇಳಿಬರುತ್ತವೆ. ಬಹುಪಾಲು ಮಂದಿಗೆ ಕನ್ನಡವು ಶಾಲೆ, ಕಚೇರಿ ಹಾಗೂ ಪತ್ರಿಕೆಯ ಭಾಷೆ. ಒಂದು ಪದಕ್ಕೆ ಇನ್ನೊಂದು ಭಾಷೆಯಲ್ಲಿ ಸಾಟಿ ಹುಡುಕುವುದು ಇವರಿಗೆ ನಿತ್ಯದ ಅಭ್ಯಾಸ. ನಂಜನಗೂಡಿನ ಮಾತನ್ನು ಪರಕೀಯವೆಂದು ಬದಿಗಿಡದೆ ಬಿಡಿಸಿ ನೋಡುವ ಸಹನೆ ಅಂತಹವರಲ್ಲಿ ಹೆಚ್ಚು. ಮುಂಬಯಿಗೆ ದುಡಿಯಲು ಹೋದವರ ನೆನಪು ಕರಾವಳಿಯ ಅನೇಕ ಕುಟುಂಬಗಳಲ್ಲಿದೆ. ನಾಗಪ್ಪನ ಒಂಟಿತನ ಅವರಿಗೆ ಕೇವಲ ಸಾಹಿತ್ಯದ ವಿಷಯವಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಪಠ್ಯವನ್ನು ಹಲವರು ಕೂಡಿ ಅರ್ಥೈಸುವ ಕಲೆ ಈ ನೆಲಕ್ಕೆ ಹೊಸದಲ್ಲ. ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಆಶುವಾಗಿ ಅದರ ಅರ್ಥ ವಿಸ್ತರಿಸುತ್ತಾರೆ. ಎದುರಾಳಿ ಅದನ್ನು ಪ್ರಶ್ನಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಲು ಜನ ಬರುತ್ತಿದ್ದುದು ಕಥೆ ತಿಳಿಯಲೆಂದಲ್ಲ, ತಿಳಿದ ಕಥೆಗೆ ಹೊಸ ಅರ್ಥ ಹೊಳೆಯಲೆಂದು. ಕಠಿಣ ಕಾದಂಬರಿ ಬೇಡುವುದೂ ಇದೇ ಮನೋಭಾವವನ್ನು.

ಗಡಿಯಾಚೆಯ ಪಾಠ

ಉಳ್ಳಾಲ ತಾಲ್ಲೂಕಿನ ತಲಪಾಡಿ ದಾಟಿದರೆ ಕೇರಳ. ಅಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಾಲಯಗಳನ್ನು ಒಗ್ಗೂಡಿಸಿ ತಿರುವಾಂಕೂರು ಗ್ರಂಥಶಾಲಾ ಸಂಘ ಕಟ್ಟಿದರು. ಅವರ ನಿಧನದ ದಿನವಾದ ಜೂನ್ 19ನ್ನು ಅಲ್ಲಿ ಓದಿನ ದಿನವಾಗಿ ಆಚರಿಸಲಾಗುತ್ತದೆ. ಊರಿನ ಸದಸ್ಯರೇ ನಡೆಸುವ ಗ್ರಂಥಾಲಯ ಸಹಜವಾಗಿಯೇ ಚರ್ಚೆಯ ತಾಣವಾಯಿತು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಮೂಲಕ ಇಲಾಖೆ ಬೆಳೆಯಿತು, ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ನಗರವಾಸಿಗಳು ತೆರುತ್ತಿದ್ದಾರೆ. ಆದರೆ ಗ್ರಂಥಾಲಯ ಎಂದರೆ ಮೌನವಾಗಿ ಪತ್ರಿಕೆ ತಿರುವುವ ಅಥವಾ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಕೊಠಡಿ ಎಂಬ ಕಲ್ಪನೆ ಬದಲಾಗಿಲ್ಲ. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಂತಹ ಪ್ರಯತ್ನಗಳು ಕೂಡಿ ಓದುವ, ಕೂಡಿ ನೋಡುವ ದಾರಿ ತೋರಿವೆ. ವಾರ್ಷಿಕ ಶಿಬಿರದ ಫಲ ಊರೂರಿನ ಮಾಸಿಕ ಕೂಟವಾಗಿ ಹಬ್ಬಬೇಕಿದೆ.

ಅಪಾಯಗಳೂ ಇವೆ

ಕೂಟದ ಓದು ಸುಲಭವಾಗಿ ಉಪನ್ಯಾಸವಾಗಿ ಮಾರ್ಪಡುತ್ತದೆ. ನಿವೃತ್ತ ಪ್ರಾಧ್ಯಾಪಕರೊಬ್ಬರು ಒಂದು ಗಂಟೆ ಮಾತನಾಡಿ ಉಳಿದವರು ತಲೆಯಾಡಿಸಿದರೆ ಅದು ಓದಲ್ಲ. ಪುಸ್ತಕ ಬಿಡುಗಡೆ ಸಮಾರಂಭಗಳಲ್ಲಿ ಕೃತಿಯನ್ನು ಬಿಟ್ಟು ಕರ್ತೃವನ್ನು ಹೊಗಳುವ ಪರಿಪಾಠ ಇಲ್ಲಿಗೂ ನುಸುಳಬಹುದು. 'ಕುಸುಮಬಾಲೆ'ಯ ನಡುವೆ ಇರುವುದು ಜಾತಿ ಮೀರಿದ ಸಂಬಂಧ ಮತ್ತು ದಲಿತ ಯುವಕ ಚನ್ನನ ಕೊಲೆ. ಭಾಷೆಯ ಸೊಬಗನ್ನಷ್ಟೇ ಚರ್ಚಿಸಿ ಈ ಸತ್ಯವನ್ನು ದಾಟಿಬಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಬೇಕಾಗಿರುವ ಸಿದ್ಧತೆ ಹೆಚ್ಚಿನದೇನಲ್ಲ. ಒಂದೇ ಕೃತಿಯ ಹತ್ತು ಪ್ರತಿಗಳು, ತಿಂಗಳಿಗೊಂದು ಭಾನುವಾರದ ಎರಡು ಗಂಟೆ, ಸರದಿಯಂತೆ ಗಟ್ಟಿಯಾಗಿ ಓದುವ ನಿಯಮ, 'ನನಗೆ ಅರ್ಥವಾಗಲಿಲ್ಲ' ಎಂದು ಅಂಜದೆ ಹೇಳುವ ವಾತಾವರಣ. ಶೀರ್ಷಿಕೆಗೆ ಒಂದೆರಡು ಪ್ರತಿ ಇರಿಸುವ ಗ್ರಂಥಾಲಯಗಳು ಇಂತಹ ಕೂಟಗಳಿಗಾಗಿ ಕೆಲವು ಕೃತಿಗಳ ಹೆಚ್ಚು ಪ್ರತಿ ಖರೀದಿಸಿದರೆ, ಪಂಚಾಯಿತಿಗಳ ಅರಿವು ಕೇಂದ್ರಗಳು ಸಂಜೆ ಬಾಗಿಲು ತೆರೆದಿಟ್ಟರೆ ಸಾಕು. ಕಾದಂಬರಿ ಮುಗಿಯಲು ಎಷ್ಟು ವರ್ಷ ಬೇಕು ಎಂಬುದು ಮುಖ್ಯವಲ್ಲ. ಮುಂದಿನ ತಿಂಗಳೂ ಅದೇ ಹತ್ತು ಮಂದಿ ಬರುತ್ತಾರೆಯೇ ಎಂಬುದಷ್ಟೇ ಮುಖ್ಯ.